ಉದ್ಯೋಗ ಏಜೆನ್ಸಿಗಳಲ್ಲಿ ಗುರುತು ಪರಿಶೀಲನೆ (ಭಾರತ)

ಉದ್ಯೋಗ ಏಜೆನ್ಸಿಗಳಲ್ಲಿ ಗುರುತು ಪರಿಶೀಲನೆ ಎಂದರೆ, ಕೆಲಸ ಕೊಡಿಸುವ ಮಧ್ಯವರ್ತಿ ಸಂಸ್ಥೆಯು ಅಭ್ಯರ್ಥಿಯ ಹೆಸರು, ವಯಸ್ಸು, ವಿದ್ಯಾರ್ಹತೆ, ಹಿಂದಿನ ಕೆಲಸ ಮೊದಲಾದ ವಿವರಗಳನ್ನು ದಾಖಲೆಗಳ ಮೂಲಕ ಖಚಿತಪಡಿಸಿಕೊಳ್ಳುವ ಕ್ರಮ. ಭಾರತದಲ್ಲಿ ಇದಕ್ಕಾಗಿ ಸಾಮಾನ್ಯವಾಗಿ ಆಧಾರ್, ಪ್ಯಾನ್, ಅಂಕಪಟ್ಟಿ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳನ್ನು ಕೇಳಲಾಗುತ್ತದೆ. ಕೆಲಸ ಇನ್ನೂ ಖಚಿತವಾಗದ ಹಂತದಲ್ಲಿಯೇ ಈ ಪ್ರತಿಗಳು ಏಜೆನ್ಸಿಯ ಕೈಸೇರುವುದರಿಂದ ಅವುಗಳ ಸಂಗ್ರಹ ಮತ್ತು ಬಳಕೆ ಖಾಸಗಿತನದ ಪ್ರಶ್ನೆಯಾಗಿದೆ.

ಯಾವ ಹಂತದಲ್ಲಿ ಯಾವ ದಾಖಲೆ

ಹೆಸರು ನೋಂದಾಯಿಸುವಾಗ ವಿದ್ಯಾರ್ಹತೆ, ಅನುಭವ ಹಾಗೂ ಸಂಪರ್ಕದ ವಿವರಗಳು ಸಾಕಾಗುತ್ತವೆ. ಪ್ಯಾನ್, ಬ್ಯಾಂಕ್ ಖಾತೆ, ಭವಿಷ್ಯ ನಿಧಿ ಸಂಖ್ಯೆಗಳು ಸಂಬಳ ಮತ್ತು ತೆರಿಗೆ ಕಡಿತಕ್ಕೆ ಸಂಬಂಧಿಸಿದವು. ನೇಮಕಾತಿಗೆ ಮೊದಲು ಅವುಗಳ ಅಗತ್ಯ ಬೀಳುವುದು ವಿರಳ. ಗುತ್ತಿಗೆ ಕಾರ್ಮಿಕರನ್ನು ಒದಗಿಸುವ ಏಜೆನ್ಸಿಯೇ ಉದ್ಯೋಗದಾತನಾಗಿರುವಾಗ ಮಾತ್ರ ಅದು ಸ್ವತಃ ಅವುಗಳನ್ನು ಪಡೆಯಬೇಕಾಗುತ್ತದೆ. ಕಾವಲುಗಾರರ ವಿಷಯ ಬೇರೆ: ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ, 2005ರ ಪ್ರಕಾರ ನೇಮಕಕ್ಕೆ ಮುನ್ನ ನಡತೆ ಮತ್ತು ಪೂರ್ವಾಪರಗಳ ಪರಿಶೀಲನೆ ಕಡ್ಡಾಯ.

ಆಧಾರ್ ಬಳಕೆ

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದ ಪ್ರಕರಣದಲ್ಲಿ, ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತಾದರೂ, ಖಾಸಗಿ ಸಂಸ್ಥೆಗಳು ಒಪ್ಪಂದದ ಬಲದಿಂದ ಆಧಾರ್ ದೃಢೀಕರಣ ಕೇಳಲು ಅವಕಾಶವಿತ್ತಿದ್ದ 57ನೆಯ ಕಲಂನ ಭಾಗವನ್ನು ರದ್ದುಗೊಳಿಸಿತು. 2019ರ ತಿದ್ದುಪಡಿಯು ಸಂಖ್ಯೆದಾರನ ಒಪ್ಪಿಗೆಯ ಮೇರೆಗೆ ನಡೆಯುವ ಆಫ್‌ಲೈನ್ ಪರಿಶೀಲನೆಗೆ ಅವಕಾಶ ನೀಡಿತು. ಹೀಗೆ ಪರಿಶೀಲಿಸುವ ಸಂಸ್ಥೆ ಆಧಾರ್ ಸಂಖ್ಯೆಯನ್ನಾಗಲಿ ಬೆರಳಚ್ಚು ಮುಂತಾದ ಜೈವಿಕ ಮಾಹಿತಿಯನ್ನಾಗಲಿ ಸಂಗ್ರಹಿಸಿಟ್ಟುಕೊಳ್ಳುವಂತಿಲ್ಲ. ಪೂರ್ಣ ಸಂಖ್ಯೆಯುಳ್ಳ ಜೆರಾಕ್ಸ್ ಪ್ರತಿಗಳು ಕಚೇರಿಯ ಕಡತಗಳಲ್ಲಿ ವರ್ಷಗಟ್ಟಲೆ ಉಳಿಯುವ ರೂಢಿ ಈ ನಿಯಮಕ್ಕೆ ಹೊಂದುವುದಿಲ್ಲ.

ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಇದಕ್ಕೆ ಪರ್ಯಾಯ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಜೆರಾಕ್ಸ್ ಪ್ರತಿಗಳನ್ನು ಸಿಕ್ಕಸಿಕ್ಕವರಿಗೆ ಕೊಡದೆ ಇದನ್ನೇ ಬಳಸುವಂತೆ ಪ್ರಕಟಣೆ ಹೊರಡಿಸಿತ್ತು. ತಪ್ಪಾಗಿ ಅರ್ಥೈಸುವ ಸಂಭವವಿದೆಯೆಂಬ ಕಾರಣಕ್ಕೆ ಕೇಂದ್ರ ಸರ್ಕಾರ ಎರಡೇ ದಿನಗಳಲ್ಲಿ ಆ ಪ್ರಕಟಣೆಯನ್ನು ಹಿಂಪಡೆಯಿತು. ಮಾಸ್ಕ್ಡ್ ಆಧಾರ್ ಸೌಲಭ್ಯ ಮಾತ್ರ ಮುಂದುವರಿದಿದೆ.

ದತ್ತಾಂಶ ಸಂರಕ್ಷಣಾ ಕಾಯ್ದೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ ಒಪ್ಪಿಗೆಯು ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟು ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ಅದನ್ನು ಹಿಂಪಡೆಯಲೂ, ಮಾಹಿತಿ ಅಳಿಸುವಂತೆ ಕೇಳಲೂ ಹಕ್ಕಿದೆ. ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಡಿಜಿಟಲ್ ರೂಪಕ್ಕೆ ಬಾರದ ಕಾಗದದ ಕಡತಗಳು ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಸಣ್ಣ ಏಜೆನ್ಸಿಗಳ ವ್ಯವಹಾರ ಬಹುಪಾಲು ಕಾಗದದಲ್ಲೇ ನಡೆಯುವಲ್ಲಿ ಇದು ಗಣನೀಯ ಕೊರತೆ.

ವಿದೇಶಿ ನೇಮಕಾತಿ

ವಲಸೆ ಕಾಯ್ದೆ, 1983ರಂತೆ ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು ನೋಂದಣಿ ಪಡೆದಿರಬೇಕು. ಅವರ ನೋಂದಣಿಯನ್ನು ಅಭ್ಯರ್ಥಿಯು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ಅಂದರೆ ಗುರುತು ಪರಿಶೀಲನೆ ಇಲ್ಲಿ ಎರಡೂ ಕಡೆಯಿಂದ ಸಾಧ್ಯ. ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಪಾಸ್‌ಪೋರ್ಟ್ ಕಾಯ್ದೆ, 1967ರ 17ನೆಯ ಕಲಂ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಶುಲ್ಕ ಬಾಕಿಯೆಂದು ಮೂಲ ಪಾಸ್‌ಪೋರ್ಟನ್ನು ಒತ್ತೆಯಾಗಿ ಇಟ್ಟುಕೊಳ್ಳಲು ಏಜೆಂಟನಿಗೆ ಅಧಿಕಾರವಿಲ್ಲ.

ದುರ್ಬಳಕೆಯ ಪತ್ತೆ

ನಕಲಿ ನೇಮಕಾತಿಯ ಹೆಸರಿನಲ್ಲಿ ಪಡೆದ ದಾಖಲೆಗಳು ಸಾಲ ಎತ್ತಲು, ಸಿಮ್ ಪಡೆಯಲು, ಅನ್ಯರ ಹಣ ಸಾಗಿಸುವ ಬ್ಯಾಂಕ್ ಖಾತೆ ತೆರೆಯಲು ಬಳಕೆಯಾಗುತ್ತವೆ. ವಂಚನೆಗೊಳಗಾದವರಿಗೆ ಇದು ತಿಳಿಯುವುದು ಹಲವೊಮ್ಮೆ ವಸೂಲಿಯ ಕರೆ ಬಂದಾಗ. ತನ್ನ ಹೆಸರಿನಲ್ಲಿರುವ ಮೊಬೈಲ್ ಸಂಪರ್ಕಗಳನ್ನು ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು. ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕು. ಆನ್‌ಲೈನ್ ಹಣಕಾಸು ವಂಚನೆಯ ದೂರಿಗೆ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 1930.