ಬಲೆ ಬೀಸುವ ಬಿಳಿ ರಕ್ತಕಣಗಳು



ಕಾಲಿಗೆ ಮುಳ್ಳು ಚುಚ್ಚಿ, ಆ ಜಾಗ ಊದಿಕೊಂಡು ಕೀವು ತುಂಬಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಇರಬಹುದು. ಆ ಕೀವನ್ನು ನಾವು ಅಸಹ್ಯಪಟ್ಟು ಒರೆಸಿ ಎಸೆಯುತ್ತೇವೆ. ಆದರೆ ಅದರಲ್ಲಿ ಬಹುಪಾಲು ಇರುವುದು ನಮಗಾಗಿ ಹೋರಾಡಿ ಸತ್ತ ಬಿಳಿ ರಕ್ತಕಣಗಳು ಎಂಬುದು ನಿಮಗೆ ಗೊತ್ತೇ? ಇವುಗಳ ಕೆಲಸವನ್ನು ಮನುಷ್ಯ ಅರಿತುಕೊಂಡ ಕಥೆಯೂ ಒಂದು ಮುಳ್ಳಿನಿಂದಲೇ ಆರಂಭವಾಗುತ್ತದೆ.

1882ರಲ್ಲಿ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕೋವ್ ಇಟಲಿಯ ಮೆಸ್ಸಿನಾ ನಗರದಲ್ಲಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋದಾಗ ಅವರು ಸೂಕ್ಷ್ಮದರ್ಶಕದ ಮುಂದೆಯೇ ಉಳಿದರು. ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ, ಸಂಚಾರಿ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು! ಬಿಳಿ ಕಣಗಳು ರೋಗಾಣುಗಳನ್ನು ದೇಹದಲ್ಲೆಲ್ಲ ಹರಡುತ್ತವೆ ಎಂದು ಅನೇಕ ವೈದ್ಯರು ನಂಬಿದ್ದ ಕಾಲವದು. ಅವು ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಪಾಡುತ್ತವೆ ಎಂದು ಮೆಚ್ನಿಕೋವ್ ವಾದಿಸಿದರು. ವರ್ಷಗಟ್ಟಲೆ ವಿರೋಧ ಎದುರಿಸಿದ ಅವರಿಗೆ 1908ರಲ್ಲಿ ಪೌಲ್ ಎರ್ಲಿಖ್ ಜೊತೆಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ನಮ್ಮ ಬಿಳಿ ರಕ್ತಕಣಗಳಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ನ್ಯೂಟ್ರೋಫಿಲ್. ಇದು ರೋಗಾಣುವನ್ನು ನುಂಗುತ್ತದೆ, ಇಲ್ಲವೇ ವಿಷಕಾರಿ ವಸ್ತುಗಳನ್ನು ಸುರಿದು ಕೊಲ್ಲುತ್ತದೆ. ಇಷ್ಟೇ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಆದರೆ 2004ರಲ್ಲಿ ಬರ್ಲಿನ್ ನಗರದ ವಿಜ್ಞಾನಿಗಳಾದ ವೋಲ್ಕರ್ ಬ್ರಿಂಕ್‌ಮನ್, ಆರ್ಟುರೊ ಜೈಕ್ಲಿನ್‌ಸ್ಕಿ ಮತ್ತು ಸಂಗಡಿಗರು ಮೂರನೆಯ ಅಸ್ತ್ರವೊಂದನ್ನು ತೋರಿಸಿಕೊಟ್ಟರು. ಅದೇ ಬಲೆ!

ಈ ಬಲೆಯ ನೂಲು ಯಾವುದು ಬಲ್ಲಿರಾ? ಕಣದ ಕೇಂದ್ರದಲ್ಲಿ ಸುತ್ತಿಟ್ಟಿರುವ ಡಿಎನ್‌ಎ. ವಂಶವಾಹಿಯಾದ ಅದೇ ಡಿಎನ್‌ಎ ಬಿಚ್ಚಿಕೊಂಡು, ರೋಗಾಣುನಾಶಕ ಪ್ರೋಟೀನುಗಳನ್ನು ಅಂಟಿಸಿಕೊಂಡು ಹೊರಚೆಲ್ಲುತ್ತದೆ. ಬ್ಯಾಕ್ಟೀರಿಯಾಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಬಲೆ ಬೀಸಿದ ಕಣ ಅನೇಕ ವೇಳೆ ತಾನೇ ಸಾಯುತ್ತದೆ. ರೋಗಾಣುಗಳೂ ಸುಮ್ಮನಿರುವುದಿಲ್ಲ. ಗಂಟಲುಬೇನೆ ತರುವ ಒಂದು ಬಗೆಯ ಸ್ಟ್ರೆಪ್ಟೊಕಾಕಸ್, ಡಿಎನ್‌ಎಯನ್ನು ಕತ್ತರಿಸುವ ಕಿಣ್ವ ಸ್ರವಿಸಿ ಬಲೆ ಹರಿದು ಪಾರಾಗುತ್ತದೆ.

ಆದರೆ ಕಾಯುವ ಬಲೆಯೇ ಕೊಲ್ಲುವ ಬಲೆಯೂ ಆಗಬಲ್ಲದು. ಕೆಲಸ ಮುಗಿದ ಮೇಲೆ ಅದನ್ನು ಗುಡಿಸಿ ಹಾಕಲು ನಮ್ಮ ರಕ್ತದಲ್ಲೂ ಅಂಥ ಕಿಣ್ವವಿದೆ. ಕೆಲವು ಲೂಪಸ್ ರೋಗಿಗಳಲ್ಲಿ ಬಲೆಗಳು ಸರಿಯಾಗಿ ಕರಗುವುದಿಲ್ಲವೆಂದು 2010ರಲ್ಲಿ ತಿಳಿದುಬಂತು. ಉಳಿದ ಡಿಎನ್‌ಎಯ ವಿರುದ್ಧ ದೇಹವೇ ಪ್ರತಿಕಾಯಗಳನ್ನು ಹುಟ್ಟಿಸಿಕೊಳ್ಳಬಹುದು. ರಕ್ತನಾಳದೊಳಗೆ ಬಲೆ ಹರಡಿದರೆ ರಕ್ತ ಹೆಪ್ಪುಗಟ್ಟಲು ಅದೇ ಹಂದರವಾಗುತ್ತದೆ. 2020ರಲ್ಲಿ ತೀವ್ರ ಕೋವಿಡ್‌ನಿಂದ ಸತ್ತವರ ಶ್ವಾಸಕೋಶಗಳಲ್ಲೂ ಈ ಬಲೆಗಳು ಕಂಡುಬಂದವು.

ಮಿತ್ರರೇ, ಮೆಸ್ಸಿನಾದ ಮುಳ್ಳಿನಿಂದ ಬರ್ಲಿನ್ನಿನ ಬಲೆಯವರೆಗೆ 122 ವರ್ಷಗಳು ಹಿಡಿದವು. ಅಷ್ಟೂ ಕಾಲ ಇದೇ ಕಣವನ್ನು ಲಕ್ಷಾಂತರ ಜನ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಆದ್ದರಿಂದ ಪುಸ್ತಕದಲ್ಲಿರುವುದನ್ನು ಓದಿರಿ, ಆದರೆ ಅದೇ ಕೊನೆಯ ಮಾತೆಂದು ತಿಳಿಯಬೇಡಿ. ಮುಂದಿನ ಪ್ರಶ್ನೆ ಕೇಳುವವರು ನೀವೇ ಏಕಾಗಬಾರದು?