ಮಾತು ಆಕೆಯದು, ಬರಹ ಇನ್ನೊಬ್ಬರದು

ಒಂದು ಭಾಷಣವನ್ನು ಮಾಡಿದವರು ಯಾರೆಂದು ಇತಿಹಾಸ ನೆನಪಿಡುತ್ತದೆ. ಅದನ್ನು ಬರೆದುಕೊಂಡವರು ಯಾರೆಂದು ಕೇಳುವವರು ಕಡಿಮೆ. ಅಮೆರಿಕದ ಕಪ್ಪು ಮಹಿಳೆಯರ ಹೋರಾಟದ ಚರಿತ್ರೆಯಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವಾಗುವ ಒಂದು ಪ್ರಸಂಗವಿದೆ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂದು ಬಾಳುತ್ತಿರುವ ಗಡಿನಾಡಿನವರಾದ ನಮಗೆ ಅದು ತೀರ ದೂರದ ಕಥೆಯೆಂದು ತೋರಲಾರದು.

ಸೊಜರ್ನರ್ ಟ್ರೂತ್ ಎಂಬ ಹೆಸರನ್ನು ಕೇಳಿದವರಲ್ಲಿ ಹಲವರು ಆಕೆ ದಕ್ಷಿಣದ ಹತ್ತಿಯ ಹೊಲಗಳಿಂದ ಬಂದವಳೆಂದೇ ಭಾವಿಸುತ್ತಾರೆ. ಆಕೆ ಹುಟ್ಟಿದ್ದು ಉತ್ತರದ ನ್ಯೂಯಾರ್ಕ್ ರಾಜ್ಯದ ಅಲ್‌ಸ್ಟರ್ ಕೌಂಟಿಯಲ್ಲಿ, ಸುಮಾರು 1797ರಲ್ಲಿ. ಮೊದಲ ಹೆಸರು ಇಸಬೆಲ್ಲಾ. ಅಲ್ಲಿ ಹಾಲೆಂಡಿನಿಂದ ಬಂದು ನೆಲೆಸಿದವರ ಮನೆತನಗಳದೇ ಕಾರುಬಾರು. ಧಣಿಯ ಚಾವಡಿಯಲ್ಲೂ ಗುಲಾಮರ ನೆಲಮಾಳಿಗೆಯಲ್ಲೂ ನಡೆಯುತ್ತಿದ್ದುದು ಡಚ್ ಮಾತು. ಇಸಬೆಲ್ಲಾಳ ತಾಯ್ನುಡಿಯೂ ಅದೇ.

ಸುಮಾರು ಒಂಬತ್ತು ವರ್ಷದವಳಿದ್ದಾಗ ಆಕೆಯನ್ನು ಒಂದು ಕುರಿಮಂದೆಯ ಜತೆಗೆ 100 ಡಾಲರಿಗೆ ಮಾರಿದರು. ಕೊಂಡವರು ಇಂಗ್ಲಿಷ್ ಮನೆಯವರು. ಒಡತಿಗೆ ಡಚ್ ಬಾರದು, ಹುಡುಗಿಗೆ ಇಂಗ್ಲಿಷ್ ಬಾರದು. ಬಾಣಲೆ ತಾ ಎಂದರೆ ಹುಡುಗಿ ಒಲೆಯ ಮೇಲೆ ಪಾತ್ರೆ ತೂಗುಹಾಕುವ ಕೊಕ್ಕೆಯನ್ನು ತಂದುಕೊಡುತ್ತಿದ್ದಳು. ಅರ್ಥವಾಗದ ಮಾತಿಗೆ ಪೆಟ್ಟು. ಒಂದು ಭಾನುವಾರ ಬೆಳಗ್ಗೆ ಧಣಿ ಕೆಂಡದಲ್ಲಿ ಹದಮಾಡಿದ ಕೋಲುಗಳ ಕಟ್ಟಿನಿಂದ ಹೊಡೆದ ಹೊಡೆತದ ಕಲೆಗಳು ಸಾಯುವ ತನಕವೂ ಮೈಮೇಲೆ ಉಳಿದುವು. ಆಕೆ ಇಂಗ್ಲಿಷ್ ಕಲಿತದ್ದು ಈ ರೀತಿ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1826ರಲ್ಲಿ, ಬಿಡುಗಡೆಯ ಮಾತು ಕೊಟ್ಟು ತಪ್ಪಿದ ಧಣಿಯ ಮನೆಯಿಂದ ಆಕೆ ಹಸುಗೂಸನ್ನೆತ್ತಿಕೊಂಡು ನಸುಕಿನಲ್ಲಿ ಹೊರನಡೆದಳು. ಕಾನೂನಿಗೆ ವಿರುದ್ಧವಾಗಿ ಅಲಬಾಮಾಕ್ಕೆ ಮಾರಿಹೋಗಿದ್ದ ಮಗ ಪೀಟರನನ್ನು ನ್ಯಾಯಾಲಯದ ಮೆಟ್ಟಿಲೇರಿ 1828ರಲ್ಲಿ ಮರಳಿ ಪಡೆದಳು. ಬಿಳಿಯನೊಬ್ಬನ ವಿರುದ್ಧ ಇಂಥ ದಾವೆ ಗೆದ್ದ ಮೊದಲ ಕಪ್ಪು ಹೆಂಗಸರಲ್ಲಿ ಆಕೆ ಒಬ್ಬಳು. 1843ರಲ್ಲಿ ತನಗೆ ತಾನೇ ಹೊಸ ಹೆಸರಿಟ್ಟುಕೊಂಡು, ಊರೂರು ತಂಗುತ್ತ ಸತ್ಯ ಸಾರುವವಳಾಗಿ ಹೊರಟಳು. ಓದುಬರಹ ಆಕೆಗೆ ಕೊನೆಯವರೆಗೂ ಬರಲಿಲ್ಲ. 1850ರಲ್ಲಿ ಪ್ರಕಟವಾದ ಆತ್ಮಕಥೆಯನ್ನು ಆಕೆ ಹೇಳಿದಂತೆ ಬರೆದುಕೊಟ್ಟವರು ಆಲಿವ್ ಗಿಲ್ಬರ್ಟ್.

1851ರ ಮೇ ತಿಂಗಳಲ್ಲಿ ಒಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಮಹಿಳಾ ಹಕ್ಕುಗಳ ಸಮಾವೇಶ ನಡೆಯಿತು. ಆಕೆ ಅಲ್ಲಿ ಮಾತಾಡಿದಳು. ಸಭೆಯ ಕಾರ್ಯದರ್ಶಿಯಾಗಿದ್ದ ಮೇರಿಯಸ್ ರಾಬಿನ್ಸನ್ ಮೂರು ನಾಲ್ಕು ವಾರಗಳೊಳಗೆ, ಜೂನ್ 21ರಂದು, 'ಆ್ಯಂಟಿ ಸ್ಲೇವರಿ ಬ್ಯೂಗಲ್' ಪತ್ರಿಕೆಯಲ್ಲಿ ಅದರ ವರದಿ ಕೊಟ್ಟರು. ತಾನು ಉತ್ತಿದ್ದೇನೆ, ಕೊಯ್ದಿದ್ದೇನೆ, ಕಟ್ಟಿಗೆ ಕಡಿದಿದ್ದೇನೆ, ಯಾವ ಗಂಡಸಿಗೂ ಕಡಮೆಯಿಲ್ಲ ಎಂಬುದು ಅದರ ಸಾರ. ಇಂಗ್ಲಿಷ್ ಸಾದಾ, ನೇರ.

ಇಂದು ಲೋಕವೆಲ್ಲ ಬಲ್ಲ ಭಾಷಣ ಇದಲ್ಲ. ಆ ಸಮಾವೇಶದ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ಡೇನಾ ಗೇಜ್ ಹನ್ನೆರಡು ವರ್ಷ ಕಳೆದ ಮೇಲೆ, 1863ರ ಏಪ್ರಿಲಿನಲ್ಲಿ, ಅದನ್ನು ನೆನಪಿನಿಂದ ಬರೆದು ಪ್ರಕಟಿಸಿದರು. 'ನಾನೂ ಹೆಣ್ಣಲ್ಲವೇ' ಎಂಬ ಪ್ರಸಿದ್ಧ ಪಲ್ಲವಿ ಬರುವುದು ಇಲ್ಲಿಯೇ. ಅದೂ ನಾಲ್ಕು ಸಲ. ರಾಬಿನ್ಸನ್ ವರದಿಯಲ್ಲಿ ಅದು ಒಮ್ಮೆಯೂ ಇಲ್ಲ. ಗೇಜರ ಪಾಠದಲ್ಲಿ ಆಕೆಗೆ ಹದಿಮೂರು ಮಕ್ಕಳು, ನಿಜದಲ್ಲಿ ಐವರು. ಎಲ್ಲಕ್ಕಿಂತ ಮಿಗಿಲಾಗಿ, ಡಚ್ ತಾಯ್ನುಡಿಯ ಈ ಉತ್ತರದ ಹೆಂಗಸಿನ ಬಾಯಿಗೆ ಗೇಜ್ ದಕ್ಷಿಣದ ಗುಲಾಮರ ಆಡುನುಡಿಯನ್ನು ಹಾಕಿದರು. ಕಪ್ಪು ಹೆಂಗಸೆಂದರೆ ಹೀಗೆಯೇ ಮಾತಾಡಬೇಕೆಂದು ಓದುಗರು ಎಣಿಸಿದ್ದರು, ಹಾಗೆಯೇ ಮಾತಾಡಿಸಿದರು.

ಗೇಜ್ ಕೇಡು ಬಗೆದವರಲ್ಲ. ಗುಲಾಮಗಿರಿಯ ವಿರುದ್ಧ ದುಡಿದವರು. ಅವರ ಬರಹದ ಬಲದಿಂದಲೇ ಆ ಭಾಷಣ ಉಳಿಯಿತು ಎಂಬುದನ್ನೂ ಒಪ್ಪಬೇಕು. ಆದರೆ ವೈರಿಯ ಸುಳ್ಳನ್ನು ಅಲ್ಲಗಳೆಯುವುದು ಸುಲಭ. ಹಿತೈಷಿಯ ಅಲಂಕಾರವನ್ನು ಕಳಚುವುದು ಎಷ್ಟು ಕಷ್ಟ! ಅದೇ ತಿಂಗಳು 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್, 'ಅಂಕಲ್ ಟಾಮ್ಸ್ ಕ್ಯಾಬಿನ್' ಖ್ಯಾತಿಯವರು, ಆಕೆ ತೀರಿಕೊಂಡಿದ್ದಾಳೆಂದೇ ಬರೆದುಬಿಟ್ಟರು. ಆಕೆ ಬದುಕಿದ್ದಳು, ಇನ್ನೂ ಇಪ್ಪತ್ತು ವರ್ಷ ಬದುಕಿದಳು.

ಇದೆಲ್ಲ ಆಕೆಗೆ ತಿಳಿಯದೆ ಇರಲಿಲ್ಲ. 1879ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದ ಪತ್ರಿಕೆಯೊಂದು ಆಕೆಯ ಅಸಮಾಧಾನವನ್ನು ದಾಖಲಿಸಿದೆ. ತನಗೆ ಪರಭಾಷೆಯಾದ ಇಂಗ್ಲಿಷನ್ನು ತಕ್ಕಮಟ್ಟಿಗೆ ಶುದ್ಧವಾಗಿ ಆಡುತ್ತೇನೆಂಬ ಹೆಮ್ಮೆ ಆಕೆಗಿತ್ತು. ವರದಿಗಾರರು ಬಾಯಿಗೆ ದಕ್ಷಿಣದ ನುಡಿ ತುರುಕುವುದು ಅನ್ಯಾಯವೆಂದು ಆಕೆಗನಿಸುತ್ತಿತ್ತು. ಪೆಟ್ಟು ತಿಂದು ಕಲಿತ ಭಾಷೆಯನ್ನು ಶುದ್ಧವಾಗಿ ಆಡುವ ಹಟ ಎಂಥದೆಂದು ನಮ್ಮ ಹಿರಿಯರನ್ನು ಕೇಳಿದರೆ ಗೊತ್ತಾದೀತು.

ಅಕ್ಷರ ಕೈಯಲ್ಲಿಲ್ಲದವಳು ಆಗ ಹೊಸದಾಗಿದ್ದ ಇನ್ನೊಂದು ಮಾಧ್ಯಮವನ್ನು ಹಿಡಿದಳು. 1863-64ರ ಸುಮಾರಿಗೆ ತನ್ನ ಫೋಟೋಗಳನ್ನು ತೆಗೆಸಿ, ಅಂಗೈಯಗಲದ ರಟ್ಟಿಗೆ ಅಂಟಿಸಿದ ಪ್ರತಿಗಳನ್ನು ಸಭೆಗಳಲ್ಲಿ ಮಾರತೊಡಗಿದಳು. ಕನ್ನಡಕ, ಬಿಳಿಯ ಶಾಲು, ಮಡಿಲಲ್ಲಿ ಹೆಣಿಗೆಯ ನೂಲು. ಚಿಂದಿ ಉಟ್ಟ ಗುಲಾಮಳ ಚಿತ್ರವನ್ನು ನಿರೀಕ್ಷಿಸಿದವರಿಗೆ ಸಂಭಾವಿತ ಗೃಹಿಣಿಯೊಬ್ಬಳು ಕಾಣಿಸುತ್ತಿದ್ದಳು. ನೆರಳನ್ನು ಮಾರಿ ಮೈಯನ್ನು ಸಲಹುತ್ತೇನೆಂಬ ಅರ್ಥದ ಮಾತು ಕೆಳಗೆ ಅಚ್ಚಾಗಿತ್ತು. ಚಿತ್ರದ ಹಕ್ಕು ಛಾಯಾಗ್ರಾಹಕನದಾಗಿರುವುದು ಅಂದಿನ ರೂಢಿ. 1864ರಲ್ಲಿ ಆಕೆ ಅದನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿದಳು. ಒಂದು ಕಾಲದಲ್ಲಿ ಕುರಿಗಳ ಜತೆಗೆ ಮಾರಾಟವಾದವಳು ಈಗ ತನ್ನ ಚಿತ್ರಕ್ಕೆ ತಾನೇ ಒಡತಿ. ಭಾಷಣಗಳ ಕುರಿತು ಎಷ್ಟೇ ಬರೆದರೂ ಆಕೆಯ ದೊಡ್ಡ ಗೆಲುವು ಇದೇ ಎಂದು ನನಗನಿಸುತ್ತದೆ.

1883ರ ನವೆಂಬರ್ 26ರಂದು ಬ್ಯಾಟಲ್ ಕ್ರೀಕಿನಲ್ಲಿ ಆಕೆ ತೀರಿಕೊಂಡಳು. ಗೇಜರ ಪಾಠ ಮಾತ್ರ ಬೆಳೆಯುತ್ತಲೇ ಹೋಯಿತು. 1981ರಲ್ಲಿ ಕಪ್ಪು ಚಿಂತಕಿ ಬೆಲ್ ಹುಕ್ಸ್ ತಮ್ಮ ಪುಸ್ತಕಕ್ಕೆ ಆ ಪಲ್ಲವಿಯನ್ನೇ ಹೆಸರಾಗಿಟ್ಟರು. ಇತಿಹಾಸಕಾರ್ತಿ ನೆಲ್ ಅರ್ವಿನ್ ಪೇಂಟರ್ 1996ರ ಜೀವನಚರಿತ್ರೆಯಲ್ಲಿ ಎರಡೂ ಪಾಠಗಳನ್ನು ಎದುರುಬದುರಾಗಿಟ್ಟು ತೂಗಿದಾಗ ಹಲವರಿಗೆ ಬೇಸರವಾಯಿತಂತೆ. ಆಗದಿದ್ದೀತೇ? ನೂರಾರು ವೇದಿಕೆಗಳಲ್ಲಿ ಹೆಣ್ಣುಮಕ್ಕಳು ಬಾಯಿಪಾಠ ಹೇಳಿದ್ದು ಗೇಜರ ಮಾತುಗಳನ್ನೇ.

ಬರೆದುಕೊಳ್ಳುವವರು, ಅಚ್ಚು ಹಾಕುವವರು ಬೇರೆಯವರಾಗಿರುವ ತನಕ ಇದು ತಪ್ಪದೆಂದು ಮುಂದಿನ ತಲೆಮಾರಿನ ಹೋರಾಟಗಾರ್ತಿಯರು ಕಂಡುಕೊಂಡರು. 1980ರಲ್ಲಿ ಕವಯಿತ್ರಿ ಆಡ್ರಿ ಲಾರ್ಡ್ ಅವರ ಸಲಹೆಯಂತೆ ಬಾರ್ಬರಾ ಸ್ಮಿತ್ ಮತ್ತು ಗೆಳತಿಯರು 'ಕಿಚನ್ ಟೇಬಲ್' ಪ್ರಕಾಶನವನ್ನು ಕಟ್ಟಿದರು. ಹೆಂಗಸರು ದುಡಿಯುವ, ಕೂತು ಮಾತಾಡುವ ಜಾಗ ಅಡುಗೆಮನೆಯ ಮೇಜೇ ಎಂದು ಆ ಹೆಸರು. ಬಿಳಿಯರಲ್ಲದ ಹೆಂಗಸರ ಬರಹಗಳ ಸಂಕಲನ 'ದಿಸ್ ಬ್ರಿಜ್ ಕಾಲ್ಡ್ ಮೈ ಬ್ಯಾಕ್' 1981ರಲ್ಲಿ ಬಿಳಿಯ ಮಹಿಳೆಯರ ಒಂದು ಪ್ರಕಾಶನದಿಂದ ಹೊರಬಂದಿತ್ತು; ಆ ಸಂಸ್ಥೆ ಎರಡು ವರ್ಷದಲ್ಲಿ ಮುಚ್ಚಿತು. 1983ರ ಎರಡನೆಯ ಮುದ್ರಣ ಕಿಚನ್ ಟೇಬಲ್‌ನಿಂದಲೇ ಬಂತು. 1986ರಲ್ಲಿ ಬಾಸ್ಟನ್ನಿನ ಕಪ್ಪು ಮಹಿಳೆಯರ ಕೂಂಬಾಹಿ ಬಳಗವು 1977ರಲ್ಲಿ ಬರೆದಿದ್ದ ಹೇಳಿಕೆಯನ್ನೂ ಅವರು ಕಿರುಹೊತ್ತಗೆಯಾಗಿ ಅಚ್ಚು ಹಾಕಿದರು, ಬರೆದವರ ಮಾತಿನಲ್ಲೇ.