ಪಟದ ಕಟ್ಟು: ಅಂದದಿಂದ ರಕ್ಷಣೆಯತ್ತ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳೆಯ ಮನೆಗಳ ಪಡಸಾಲೆಗಳಲ್ಲಿ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಮನೆಯವರಿಗೆ ಅವು ದೇವರು, ಕಲೆಯ ಚರಿತ್ರೆಗೆ ದಾಖಲೆ. ಇಂಥ ಪಟ ಎಷ್ಟು ಕಾಲ ಬಾಳುತ್ತದೆ ಎಂಬುದು ಅದಕ್ಕೆ ಹಾಕಿಸಿದ ಕಟ್ಟನ್ನೂ ಅವಲಂಬಿಸಿದೆ. ಆ ಕಸುಬು ನಡೆದುಬಂದ ದಾರಿಯನ್ನು ಇಲ್ಲಿ ನೋಡೋಣ.

18ನೇ ಶತಮಾನದ ಕೊನೆಗೆ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು ನಮ್ಮಲ್ಲಿ ಪಟಗಳನ್ನು ಮನೆಮನೆಗೆ ತಂದಿತು. 1878ರಲ್ಲಿ ಪುಣೆಯಲ್ಲಿ ಚಿತ್ರಶಾಲಾ ಪ್ರೆಸ್, 1894ರಲ್ಲಿ ಮುಂಬೈಯಲ್ಲಿ ರಾಜಾ ರವಿವರ್ಮರ ಮುದ್ರಣಾಲಯ ಆರಂಭವಾದವು. ರವಿವರ್ಮರ ಮುದ್ರಣಾಲಯ ಮುಂದೆ ಲೋಣಾವಳ ಬಳಿಯ ಮಳವಲಿಗೆ ಹೋಯಿತು, ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅವರ ಕೈಸೇರಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಅಚ್ಚು ಹಾಕಿ, ಮೇಲೆ ವಾರ್ನಿಶ್ ಬಳಿದ ಓಲಿಯೋಗ್ರಾಫ್‌ಗಳು ಅಲ್ಲಿಂದ ಊರೂರಿಗೆ ಹರಡಿದವು. ಕರಾಚಿಯ ಬ್ರಿಜ್‌ಬಾಸಿ ಸಂಸ್ಥೆಯಂತೂ ಕಟ್ಟು ಹಾಕುವ ವ್ಯಾಪಾರದಿಂದಲೇ ಪಟಗಳ ಪ್ರಕಾಶನಕ್ಕಿಳಿದು, ಜರ್ಮನಿಯಲ್ಲಿ ಅಚ್ಚು ಹಾಕಿಸಿ ತರಿಸಿತು. 1972ರ ಬೆಂಕಿ ಅನಾಹುತದಲ್ಲಿ ರವಿವರ್ಮ ಮುದ್ರಣಾಲಯ ನಾಶವಾದ ಮೇಲೆ, ಮನೆಗಳಲ್ಲಿ ಉಳಿದ ಪ್ರತಿಗಳ ಬೆಲೆ ಇನ್ನಷ್ಟು ಹೆಚ್ಚಿತು.

ಮೊದಲ ಹಂತದ ಕಟ್ಟು ಸರಳ: ಮರದ ಪಟ್ಟಿ, ಮುಂದೆ ಗಾಜು, ಹಿಂದೆ ತೆಳು ಹಲಗೆ, ಸುತ್ತ ಮೊಳೆ. ಪಟವನ್ನು ಜಂತಿಯ ಕೆಳಗೆ ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಕೂತವರ ಕಣ್ಣಿಗೆ ಬೀಳಲೆಂದು ಮಾಡಿದ ಈ ಏರ್ಪಾಟಿನಿಂದ ಮಳೆಗಾಲದ ತೇವ ಹಿಡಿದ ಗೋಡೆ ಪಟಕ್ಕೆ ತಾಗುತ್ತಿರಲಿಲ್ಲ, ಬೆನ್ನಿಗೆ ಗಾಳಿಯೂ ಆಡುತ್ತಿತ್ತು. ದೇವತೆಯ ಸೀರೆಗೆ ಜರಿ, ಮಣಿ ಹೊಲಿದ ಪಟಗಳಿಗೆ ಆಳವಾದ ಕಟ್ಟು ಬೇಕಾಗುತ್ತಿದ್ದುದರಿಂದ ಗಾಜು ಚಿತ್ರದಿಂದ ತುಸು ದೂರವೇ ಉಳಿಯುತ್ತಿತ್ತು. ಮಿಕ್ಕ ಪಟಗಳಲ್ಲಿ ಗಾಜು ಕಾಗದಕ್ಕೆ ಅಂಟಿಕೊಂಡಿತು. ಹಲಗೆಯ ಆಮ್ಲ ಕಾಗದಕ್ಕೆ ಇಳಿದು ಕಂದು ಗೆರೆ ಮೂಡಿತು, ಹಲಗೆಯ ಮೂಲಕ ಗೆದ್ದಲೂ ಒಳಹೊಕ್ಕಿತು.

ಎರಡನೆಯ ಹಂತ ಆಫ್‌ಸೆಟ್ ಮುದ್ರಣದ್ದು. ಕಲಬುರಗಿಯ ಎಸ್. ಎಂ. ಪಂಡಿತರಂಥ ಕಲಾವಿದರ ಚಿತ್ರಗಳು, ಶಿವಕಾಶಿಯ ಕ್ಯಾಲೆಂಡರ್‌ಗಳು ಮನೆ ತುಂಬಿದವು. ಕಟ್ಟಿನಲ್ಲಿ ಹಲಗೆಯ ಬದಲು ಹಾರ್ಡ್‌ಬೋರ್ಡ್, ಮರದ ಬದಲು ಫೈಬರ್ ಪಟ್ಟಿ, ಮೊಳೆಯ ಜೊತೆಗೆ ಅಂಟು, ಸೆಲ್ಲೋ ಟೇಪು ಬಂದವು. ಕೆಲಸ ಬೇಗ ಮುಗಿಯಿತು, ಖರ್ಚೂ ಇಳಿಯಿತು. ಆದರೆ ಪಟಕ್ಕೆ ಅತಿ ಹೆಚ್ಚು ಹಾನಿಯಾದದ್ದು ಈ ಹಂತದಲ್ಲೇ. ಪೂರ್ತಿ ಅಂಟಿಸಿದ ಅಥವಾ ಲ್ಯಾಮಿನೇಷನ್ ಮಾಡಿಸಿದ ಪಟವನ್ನು ಹಾನಿಯಿಲ್ಲದೆ ಬಿಡಿಸುವುದು ಬಹುತೇಕ ಅಸಾಧ್ಯ.

ಅಷ್ಟರಲ್ಲಿ ಬೇರೆಡೆ ವಿಜ್ಞಾನ ಮುಂದೆ ಸಾಗಿತ್ತು. ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಪುಡಿಯಾಗುತ್ತದೆ ಎಂಬುದನ್ನು ಅಮೆರಿಕದ ವಿಲಿಯಂ ಬ್ಯಾರೋ ಅವರ ಸಂಶೋಧನೆ ತೋರಿಸಿತು. 1966ರ ಫ್ಲಾರೆನ್ಸ್ ಪ್ರವಾಹ ಕಾಗದ ಸಂರಕ್ಷಣೆಯನ್ನು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿತು. ಪಟಕ್ಕೆ ಮಾಡಿದ್ದನ್ನೆಲ್ಲ ಮುಂದೆ ಬಿಡಿಸುವಂತಿರಬೇಕು ಎಂಬುದು ಅದರ ಮೊದಲ ಸೂತ್ರ. ಕಾಗದದ ಮೇಲಿನ ಕೃತಿಗೆ ಸುಮಾರು 50 ಲಕ್ಸ್ ಬೆಳಕು, ಶೇ. 50ರ ಆಸುಪಾಸಿನ ತೇವಾಂಶ ಎಂಬ ಮಾನದಂಡವೂ ಚಾಲ್ತಿಗೆ ಬಂತು.

ಬೆಳಕಿನ ಪಾಠವನ್ನು ಬ್ಯಾಡಗಿಗೆ ಹೊರಗಿನವರು ಕಲಿಸಬೇಕಿಲ್ಲ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ಬಿಸಿಲು, ಸೆಕೆಗೆ ಬಿಟ್ಟರೆ ಮಂಕಾಗುತ್ತದೆಂದೇ ವರ್ತಕರು ಅದನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಪಟದ ಬಣ್ಣಕ್ಕೂ ಅದೇ ಎಚ್ಚರ ಬೇಕು.

ಇಂದಿನ ಸಂರಕ್ಷಣಾ ಕಟ್ಟಿನಲ್ಲಿ ಪ್ರತಿ ಪದರಕ್ಕೂ ಕೆಲಸವಿದೆ. ಚಿತ್ರದ ಹಿಂದೆ ಆಮ್ಲರಹಿತ ಮೌಂಟ್ ಬೋರ್ಡ್. ಚಿತ್ರದ ಮೇಲಂಚಿಗೆ ಮಾತ್ರ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ, ಅವುಗಳಿಂದ ಬೋರ್ಡಿಗೆ ತೂಗುಬಿಡುತ್ತಾರೆ. ಆಗ ತೇವಕ್ಕೆ ಹಿಗ್ಗಿ ಕುಗ್ಗುವ ಕಾಗದ ಸುಕ್ಕಾಗುವುದಿಲ್ಲ, ನಾಳೆ ನೀರು ತಾಗಿಸಿ ಬಿಡಿಸಲೂಬಹುದು. ಮುಂದೆ ಕಿಟಕಿಯಂತೆ ಕೊರೆದ ಇನ್ನೊಂದು ಬೋರ್ಡ್ ಗಾಜನ್ನು ಚಿತ್ರದಿಂದ ದೂರವಿಡುತ್ತದೆ. ಅತಿನೇರಳೆ ಕಿರಣ ತಡೆಯುವ ಗಾಜು ಸಿಕ್ಕರೆ ಒಳ್ಳೆಯದು. ಆದರೆ ಅದೂ ಬಣ್ಣ ಮಾಸುವುದನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆ ಬಲ್ಲವರಿದ್ದಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆಯ ರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಹಯೋಗದ ಕಲಾ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ರವಿವರ್ಮ ಮುದ್ರಣಗಳ ಸಂಗ್ರಹವನ್ನೇ ನೋಡಬಹುದು. ಈ ತಿಳಿವಳಿಕೆ ಜಿಲ್ಲೆಯ ಕಟ್ಟು ಹಾಕುವ ಅಂಗಡಿಗಳಿಗೂ ತಲುಪಬೇಕು. ಹಾವೇರಿ ಜಿಲ್ಲೆಯಲ್ಲೇ, ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ ಅಂಗಡಿಯವರಿಗೆ ಒಂದು ಕಿರು ತರಬೇತಿ ನಡೆಸಿದರೆ ದೊಡ್ಡ ಉಪಕಾರವಾದೀತು.

ಅಲ್ಲಿಯವರೆಗೆ ಮನೆಯವರು ಇಷ್ಟು ಮಾಡಲಿ: ಹಳೆಯ ಪಟವನ್ನು ಬಿಸಿಲು ಬೀಳುವ ಗೋಡೆಯಿಂದ ತೆಗೆಯಿರಿ, ಗಾಜಿಗಂಟಿದ ಚಿತ್ರವನ್ನು ಕಿತ್ತು ತೆಗೆಯಲು ಹೋಗಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಹೊಸ ಕಟ್ಟು ಹಾಕಿಸುವಾಗ ಚಿತ್ರಕ್ಕೆ ಅಂಟು ಬಳಿಯದಂತೆ, ಗಾಜು ತಾಗದಂತೆ ಅಂಗಡಿಯವರಿಗೆ ಮೊದಲೇ ಹೇಳಿ.